ಸೂಟು ಹಾಕಿಕೊಂಡು ಹೋದ ಬಡ ವಿದ್ಯಾರ್ಥಿ

ಕಾಲೇಜಿನ ಫೀಸಿಗೆ ಸಹಾಯ ಕೇಳಲು ನಾನು ಸೂಟು ಹಾಕಿಕೊಂಡು ಹೋಗಿದ್ದೆ. ಬರೀ ಸೂಟಲ್ಲ, ಟೈ ಕೂಡ. ಅದೂ ಜೂನ್ ತಿಂಗಳಲ್ಲಿ, ದುಬೈಯಲ್ಲಿ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಂಥ ಮಧ್ಯಾಹ್ನ. ಇಳಿದದ್ದು ಸಣ್ಣ ಮನೆಯಷ್ಟು ದೊಡ್ಡದಾದ ಬಿಳಿ ಫೋರ್ ವೀಲ್ ಡ್ರೈವ್ ಗಾಡಿಯಿಂದ. ಮೈಗೆ ಬಳಿದುಕೊಂಡಿದ್ದ ಊದ್ ಅತ್ತರಿನ ಘಾಟಿಗೆ ಲಿಫ್ಟಿನಲ್ಲಿದ್ದ ಹೆಂಗಸೊಬ್ಬಳು ತನ್ನ ಮಹಡಿ ಬರುವ ಮೊದಲೇ ಇಳಿದು ಮೆಟ್ಟಿಲು ಹತ್ತಿದಳು. 'ನಮ್ಮಪ್ಪನ ಹತ್ತಿರ ದುಡ್ಡಿಲ್ಲ, ದಯವಿಟ್ಟು ಓದಿಸಿ' ಎಂದು ಕೇಳಲು ಹೊರಟವನ ವೇಷ ಇದು. ಇಂಥ ಪೆದ್ದುತನ ಮಾಮೂಲಿ ಮನುಷ್ಯರ ಕೈಲಾಗುವಂಥದ್ದಲ್ಲ. ಅದಕ್ಕೆ ಗಲ್ಫಿನಲ್ಲೇ ಬೆಳೆದಿರಬೇಕು.

ಆಗ ನಾವು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿದ್ದೆವು. ಊರಿನವರು ಫೋನಿನಲ್ಲಿ ಕೇಳಿದರೆ ವಿಲ್ಲಾದಲ್ಲಿದ್ದೇವೆ ಎನ್ನುತ್ತಿದ್ದೆವು. ಅದರೊಳಗೆ ಎಂಟು ಸಂಸಾರಗಳಿವೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಇಡೀ ವಿಲ್ಲಾವನ್ನು ಬಾಡಿಗೆಗೆ ಹಿಡಿದವನೊಬ್ಬ ನಡುನಡುವೆ ಜಿಪ್ಸಮ್ ಹಲಗೆ ನಿಲ್ಲಿಸಿ, ಕೇಕ್ ಕತ್ತರಿಸಿದ ಹಾಗೆ ಕತ್ತರಿಸಿ ಹಂಚಿದ್ದ. ನಮ್ಮ ಪಾಲಿಗೆ ಬಂದದ್ದು ಊಟದ ಕೋಣೆಯ ಅರ್ಧ ಮತ್ತು ತೂಗುದೀಪದ ಕಾಲುಭಾಗ. ದೀಪದ ಉಳಿದ ಮುಕ್ಕಾಲು ಭಾಗ ಹಲಗೆಯ ಆಚೆಗಿನ ಸಾಯ್ಬರದ್ದು. ಸ್ವಿಚ್ಚೂ ಅವರ ಕಡೆಗೇ ಇತ್ತು. ನಾನು ಪರೀಕ್ಷೆಗೆ ಓದುವಾಗ ಅಮ್ಮ ಹಲಗೆ ತಟ್ಟಿ, "ಸಾಯ್ಬ್ರೇ, ಲೈಟ್ ಹಾಕಿ ಆಯ್ತಾ, ಹುಡುಗನಿಗೆ ಓದ್ಲಿಕ್ಕುಂಟು" ಎಂದು ಕೂಗಬೇಕಿತ್ತು. ಸಾಯ್ಬರು ನಮ್ಮ ಕಡೆಯವರೇ, ಕರಾವಳಿಯ ಬ್ಯಾರಿಗಳು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದು ಸೆಕೆಂಡ್ ಹ್ಯಾಂಡ್ ಕಾರುಗಳ ವ್ಯಾಪಾರ ಮಾಡುತ್ತಿದ್ದರು.

ಅಪ್ಪ ಕಂಪನಿಯೊಂದರ ಗೋದಾಮಿನಲ್ಲಿ ಸ್ಟೋರ್ ಕೀಪರ್. ಊರಿನ ಅಜ್ಜಿಯ ಮನೆಯ ಗೋಡೆಯ ಫೋಟೋದಲ್ಲಿ ಮಾತ್ರ ಅವರು ಮ್ಯಾನೇಜರನ ಕಾರಿಗೆ ಒರಗಿ ನಿಂತು, ಕೂಲಿಂಗ್ ಗ್ಲಾಸ್ ಹಾಕಿ, ಅರಬ್ಬೀ ಸಮುದ್ರವನ್ನೇ ಖರೀದಿಸಿದವರ ಹಾಗೆ ನಗುತ್ತಿದ್ದರು. ರಜೆಗೆ ಊರಿಗೆ ಹೋಗುವಾಗ ನಮ್ಮ ಪೆಟ್ಟಿಗೆಯ ತುಂಬ ಹಾಲಿನ ಪುಡಿ, ಸೆಂಟು, ನೋವಿನ ಎಣ್ಣೆ, ಕಂಬಳಿ. ಮೈಮೇಲೆ ಹೊಸ ಬಟ್ಟೆ. ವಿಮಾನ ಇಳಿಯುವ ಮೊದಲು ಅಮ್ಮ ಪ್ರತಿಸಲ ಒಂದೇ ಪಾಠ ಒಪ್ಪಿಸುತ್ತಿದ್ದರು: "ಯಾರಾದ್ರೂ ಎಂತಾದ್ರೂ ಕೇಳಿದ್ರೆ ಇಲ್ಲ ಅಂತ ಹೇಳ್ಬಾರ್ದು. ಅಪ್ಪನ ಮರ್ಯಾದೆಯ ಪ್ರಶ್ನೆ." ಹಾಗಾಗಿ 'ಇಲ್ಲ' ಎಂಬುದು ನಮ್ಮ ಮನೆಯಲ್ಲಿ ಬೈಗುಳಕ್ಕಿಂತ ಕೆಟ್ಟ ಶಬ್ದ. ಬೈಗುಳವಾದರೂ ಬಂಗುಡೆ ಮೀನು ಸೀದು ಹೋದಾಗ ಕೇಳಿಬರುತ್ತಿತ್ತು.

ನನಗೆ ಡಾಕ್ಟರಾಗಬೇಕಿತ್ತು. ಅದರ ಹುಚ್ಚು ಹತ್ತಿದ್ದು ಆ ವಿಲ್ಲಾದಲ್ಲೇ. ಕ್ಲಿನಿಕ್ಕಿಗೆ ಹೋದರೆ ದುಡ್ಡು ಬಿಚ್ಚಬೇಕು ಎಂದು ಎಂಟೂ ಸಂಸಾರಗಳವರು ಊರಿನಿಂದ ಕಟ್ಟಿಸಿಕೊಂಡು ಬಂದ ಮಾತ್ರೆಗಳ ಚೀಲ ಹಿಡಿದು ನನ್ನ ಹತ್ತಿರ ಬರುತ್ತಿದ್ದರು. ಬಯಾಲಜಿ ಓದುವ ಹುಡುಗ, ಯಾವುದು ಯಾತಕ್ಕೆ ಅಂತ ಹೇಳುತ್ತಾನೆ ಎಂದು. ನಾನೂ ಹೇಳುತ್ತಿದ್ದೆ. ಒಮ್ಮೆ ಸಾಯ್ಬರ ತಲೆನೋವಿಗೆ ಹೊಟ್ಟೆಹುಳದ ಮಾತ್ರೆ ಕೊಟ್ಟೆ. ನೋವು ಹೋಯಿತು ಎಂದು ಅವರು ನನಗೆ ಶವರ್ಮಾ ಕೊಡಿಸಿದರು. ಆ ತಪ್ಪು ನನಗೆ ಹೊಳೆದದ್ದು ಮರುದಿನ. ಅವತ್ತೇ ನಿಶ್ಚಯ ಮಾಡಿದೆ: ಇದನ್ನು ಸರಿಯಾಗಿ ಕಲಿಯಬೇಕು, ಇಲ್ಲದಿದ್ದರೆ ಒಂದು ದಿನ ಯಾರನ್ನಾದರೂ ಕೊಲ್ಲುತ್ತೇನೆ.

ಹನ್ನೆರಡನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳು ಬಂದವು. ಅಮ್ಮ ವಿಲ್ಲಾಕ್ಕೆಲ್ಲ ಪಾಯಸ ಹಂಚಿದರು. ಪಾಯಸ ಆರುವ ಮೊದಲೇ ತಿಳಿದ ವಿಷಯ ಏನೆಂದರೆ, ಊರಿನ ಸರ್ಕಾರಿ ಫೀಸಿನ ಮೆಡಿಕಲ್ ಸೀಟಿಗೆ ನಾನು ಅರ್ಜಿಯನ್ನೇ ಹಾಕುವಂತಿಲ್ಲ. ರಾಜ್ಯದಲ್ಲಿ ಇಷ್ಟು ವರ್ಷ ಓದಿರಬೇಕು ಎಂದು ನಿಯಮ. ನಾನು ಓದಿದ್ದೆಲ್ಲ ಇಲ್ಲಿ, ಮರಳಿನಲ್ಲಿ. ಇಡೀ ದೇಶಕ್ಕೆ ಒಂದೇ ಎಂಬ ಮೆಡಿಕಲ್ ಪ್ರವೇಶ ಪರೀಕ್ಷೆಯನ್ನು ಊರಿಗೆ ಹೋಗಿ ಬರೆದು ಬಂದಿದ್ದೆ. ಅದರಲ್ಲಿ ನನಗೆ ಸಿಕ್ಕ ಲಕ್ಷಗಟ್ಟಲೆಯ ರ‍್ಯಾಂಕನ್ನು ಬರೆಯಲು ಕಾಗದ ಅಡ್ಡ ಹಿಡಿಯಬೇಕಿತ್ತು. ಉಳಿದ ಬಾಗಿಲು ಒಂದೇ, ಎನ್ನಾರೈ ಕೋಟಾ. ಅದರ ಫೀಸು ಡಾಲರಿನಲ್ಲಿ.

 ಅದನ್ನು ಕೇಳಿ ಅಪ್ಪ ಅಂದರು: "ಕ್ರೆಡಿಟ್ ಕಾರ್ಡ್ ಕೇಳ್ಲಿಕ್ಕೆ ಹೋದ್ರೆ ಬ್ಯಾಂಕಿನವ ನನ್ನ ಸ್ಯಾಲರಿ ನೋಡಿ ಕುರ್ಚಿ ಕೂಡ ಕೊಡುದಿಲ್ಲ. ಈ ಕಾಲೇಜಿನವರಿಗೆ ಮಾತ್ರ ನಾನು ಎನ್ನಾರೈ ಅಂತೆ."

ನನಗೆ ಇವತ್ತಿಗೂ ಇಳಿಯದ ಸಿಟ್ಟು ಇದು. ನಾನು ಹುಟ್ಟಿದ ಗಲ್ಫಿನಲ್ಲಿ ನಾವು ವೀಸಾ ಇರುವಷ್ಟು ದಿನದ ನೆಂಟರು. ನಮ್ಮದು ಎಂದುಕೊಂಡ ರಾಜ್ಯದಲ್ಲಿ ಹಣದ ಮರ. ಬಂದು ಅಲ್ಲಾಡಿಸಿದರೆ ಉದುರುತ್ತದೆ ಎಂದು ಎಲ್ಲರಿಗೂ ಗೊತ್ತು. ಗೊತ್ತಿರಲೇಬೇಕು, ಪ್ರತಿವರ್ಷ ಸೆಂಟು ಹಂಚಿ ಹಾಗೆಂದು ನಂಬಿಸಿದವರು ನಾವೇ ಅಲ್ಲವೇ? ಸಿಟ್ಟು ಮಾಡಲು ಹೊರಟರೆ ಕೊನೆಗೆ ಕನ್ನಡಿಯ ಮುಂದೆಯೇ ಬಂದು ನಿಲ್ಲುತ್ತೇನೆ. ಅದಕ್ಕೂ ಸಿಟ್ಟು ಬರುತ್ತದೆ.

ಮಂಚದ ಮೇಲೆ ಕಾಲೇಜುಗಳ ಬಣ್ಣಬಣ್ಣದ ಪುಸ್ತಿಕೆಗಳನ್ನು ಹರಡಿಕೊಂಡು ಅಗ್ಗದ್ದು ಹುಡುಕಿದೆವು. ಹೆಸರಾದ ಕಾಲೇಜುಗಳ ಪುಸ್ತಿಕೆಯನ್ನು ಅಪ್ಪ ಮೊದಲು ತೆಗೆದಿಟ್ಟರು. ಅಮ್ಮ ತೆಗೆಯುತ್ತಿದ್ದುದು ಕುಚ್ಚಲಕ್ಕಿ ಸಿಗದ ಊರಿನವನ್ನು. ಕೊನೆಗೆ ಒಂದು ಉಳಿಯಿತು. ಕರಾವಳಿಯ ಸಣ್ಣ ಪಟ್ಟಣವೊಂದರಲ್ಲಿ ಹೊಸದಾಗಿ ಶುರುವಾದ ಕಾಲೇಜು. ಅಲ್ಲಿ ರೋಗಿಗಳೂ ಕಡಿಮೆ, ಫೀಸೂ ಕಡಿಮೆ. ತಪಾಸಣೆಯವರು ಬರುವ ದಿನ ಮಾತ್ರ ಹಾಸಿಗೆಗಳು ತುಂಬುತ್ತವೆ, ಮಲಗಿದವರಿಗೆ ಬಿರಿಯಾನಿ ಕೊಡುತ್ತಾರೆ ಎಂದು ಸುದ್ದಿಯಿತ್ತು. ಆದರೂ ಅಜ್ಜಿಯ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದು, ಹಾಸ್ಟೆಲ್ಲಿನ ಖರ್ಚಿಲ್ಲ. ಅಂಥ ಕಾಲೇಜಿನ ಫೀಸೂ ಅಪ್ಪನಿಂದ ಅರ್ಧ ಮಾತ್ರ ಕಟ್ಟಲು ಸಾಧ್ಯವಿತ್ತು.

ಉಳಿದ ಅರ್ಧಕ್ಕೆ ಒಂದು ದಾರಿಯಿತ್ತು. ದುಬೈಯಲ್ಲಿ ನಮ್ಮ ಕರಾವಳಿಯವರದೇ ಸಂಘವೊಂದು ವರ್ಷಕ್ಕೆ ಒಬ್ಬ ಮೆಡಿಕಲ್ ವಿದ್ಯಾರ್ಥಿಗೆ ಕೋರ್ಸು ಮುಗಿಯುವ ತನಕ ಅರ್ಧ ಫೀಸು ಕಟ್ಟುತ್ತಿತ್ತು. ಅದು ಸಿಗದಿದ್ದರೆ ಏಜೆಂಟನೊಬ್ಬ ಹೇಳುತ್ತಿದ್ದ ಚಳಿದೇಶದ ಕಾಲೇಜು. ಅಲ್ಲಿಯ ಫೀಸು ಎಲ್ಲಕ್ಕಿಂತ ಕಡಿಮೆ. ಆದರೆ ಮೊದಲು ಅವರ ಭಾಷೆ ಕಲಿಯಬೇಕು, ಆರೇಳು ವರ್ಷ ಹಿಮದಲ್ಲಿ ಕಳೆಯಬೇಕು, ವಾಪಸು ಬಂದು ಮತ್ತೊಂದು ಪರೀಕ್ಷೆ ಪಾಸಾದರೆ ಮಾತ್ರ ಡಾಕ್ಟರ್. ಟಿಕೆಟಿನ ದುಡ್ಡಿಗೆ ಹೆದರಿ ನಡುವೆ ಮನೆಗೆ ಬರುವುದೂ ಅನುಮಾನ. ಸಂಘ ಒಪ್ಪಿದರೆ ಅಜ್ಜಿಯ ಮನೆ, ಒಪ್ಪದಿದ್ದರೆ ಹಿಮ. ವಿಷಯ ಅಷ್ಟೇ.

ಸಂದರ್ಶನ ಶುಕ್ರವಾರ, ದುಬೈಯ ಅಲ್ ಬರ್ಷಾದ ಒಂದು ಕಟ್ಟಡದಲ್ಲಿ. ಅಪ್ಪನಿಗೆ ಅವತ್ತೇ ಗೋದಾಮಿನಲ್ಲಿ ದಾಸ್ತಾನು ಲೆಕ್ಕ, ರಜೆ ಸಿಗಲಿಲ್ಲ. ಅಮ್ಮ ಹೇಳಿದರು: "ಅಲ್ಲಿ ಕೂತವರೆಲ್ಲ ನಮ್ಮ ಊರಿನ ಕಡೆಯವ್ರು. ಭಿಕ್ಷೆಯವರ ಹಾಗೆ ಹೋದ್ರೆ ನಾಳೆ ಇಡೀ ಊರಿಗೆ ಗೊತ್ತಾಗ್ತದೆ. ಸ್ವಲ್ಪ ಲಾಯಕ್ಕಿನ ಅಂಗಿ ಹಾಕು."

ಅಮ್ಮ ಹೇಳಿದ್ದು ಅಂಗಿ ಮಾತ್ರ. ಉಳಿದದ್ದು ನನ್ನ ಪ್ರತಿಭೆ. ಸೂಟು ಇಲ್ಲೇ ಕೆಲಸಕ್ಕಿದ್ದ ಸಾಯ್ಬರ ಅಳಿಯನದ್ದು, ಮದುವೆಯದ್ದು. ತೋಳು ಬೆರಳು ದಾಟಿ ಬರುತ್ತಿತ್ತು. ಅತ್ತರು ಸಾಯ್ಬರದ್ದೇ. ಗಾಡಿಯೂ ಅವರು ಮಾರಾಟಕ್ಕೆ ತಂದದ್ದು. ಹಿಂದಿನ ಗಾಜಿಗೆ ಅಂಟಿಸಿದ್ದ 'ಫಾರ್ ಸೇಲ್' ಕಾಗದವನ್ನು ಇಬ್ಬರೂ ಸೇರಿ ಬಿಸಿನೀರು ಹಾಕಿ ಕೆರೆದು ತೆಗೆದೆವು.

"ನೋಡು ಮಗಾ, ಇಳಿಯುವಾಗ ಹಿಂದಿನ ಬಾಗಿಲಿಂದ ಇಳಿ" ಎಂದು ಸಾಯ್ಬರು ದಾರಿಯುದ್ದಕ್ಕೂ ಪಾಠ ಮಾಡಿದರು. "ಮುಂದಿನಿಂದ ಇಳಿದ್ರೆ ಡ್ರೈವರನ ಮಗ ಅಂತ ಎಣಿಸ್ತಾರೆ. ನಾನು ಬಾಗಿಲು ತೆಗಿತೇನೆ. ನೀನು ನನ್ನ ಮೋರೆ ನೋಡ್ಬೇಡ, ನೋಡಿದ್ರೆ ನಗು ಬರ್ತದೆ."

"ಸಾಯ್ಬ್ರೇ, ನಾವು ಸಹಾಯ ಕೇಳ್ಲಿಕ್ಕೆ ಹೋಗುದಲ್ವಾ?"

"ಅದಕ್ಕೇ ಹೇಳುದು. ಇದ್ದವರಿಗೇ ಕೊಡುದು ಈ ದುನಿಯಾ. ಯಲ್ಲಾ, ಬೇಗ ಬೇಗ ಟೈ ಸರಿ ಮಾಡು."

ನನಗೂ ಅದು ಪರಮಸತ್ಯ ಎಂದೇ ಕಂಡಿತು. ಹದಿನೆಂಟರ ಪ್ರಾಯದಲ್ಲಿ ಬುದ್ಧಿ ಎಂಬುದು ಟೈ ಕಟ್ಟಿದ ಜಾಗದಿಂದ ಮೇಲಕ್ಕೆ ಹತ್ತುವುದಿಲ್ಲ.

ಒಳಗೆ ಮೂವರಿದ್ದರು. ಮಾತಾಡಿದ್ದು ನಡುವಿನ ಕುರ್ಚಿಯವರು, ಸಂಘದ ಅಧ್ಯಕ್ಷರು. ಪ್ಲಾಸ್ಟಿಕ್ ಪೈಪಿನ ಕಾರ್ಖಾನೆಯ ಯಜಮಾನರು. ನಾನು ಬರುವಾಗ ಅವರು ಕಿಟಕಿಯ ಹತ್ತಿರ ನಿಂತು ಕೆಳಗೆ ನೋಡುತ್ತಿದ್ದರು.

"ಎಲ್ಲಿ ಇರುದು ನೀವು ತಮ್ಮಾ?"

"ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಸರ್. ವಿಲ್ಲಾ."

"ಓಹೋ! ತಂದೆಯವರು?"

"ವೇರ್‌ಹೌಸ್ ನೋಡಿಕೊಳ್ತಾರೆ ಸರ್."

"ಅಂದ್ರೆ ಮ್ಯಾನೇಜರಾ?"

ಇಲ್ಲ ಎನ್ನಬೇಕಿತ್ತು. ನಾಲಿಗೆಗೆ ಅಭ್ಯಾಸವಿಲ್ಲ. "ಹಾಗೇ ಸರ್" ಎಂದೆ.

"ಕೆಳಗೆ ನಿಂತ ಬಿಳಿ ಗಾಡಿ ನಿಮ್ದೇ ಅಲ್ವಾ? ಒಳ್ಳೆ ಮಾಡೆಲ್."

"ಹೌದು ಸರ್. ಥ್ಯಾಂಕ್ಯೂ ಸರ್."

ಅವರು ಕುರ್ಚಿಗೆ ಒರಗಿದರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ನಿಜವಾದ ಆಶ್ಚರ್ಯ ಇತ್ತು. "ಮತ್ತೆ ನಮ್ಮ ಸಹಾಯ ನಿಮಗೆ ಎಂತಕ್ಕೆ?"

ಇಡೀ ಸಂದರ್ಶನದಲ್ಲಿ ಬೇಕಾದ ಪ್ರಶ್ನೆ ಅದೊಂದೇ. 'ನಮ್ಮಲ್ಲಿ ದುಡ್ಡಿಲ್ಲ ಸರ್' ಎಂಬ ಮೂರು ನಾಲ್ಕು ಶಬ್ದ ಸಾಕಿತ್ತು. ಬಾಯಿ ತೆರೆದೆ.  ಹುಟ್ಟಿದಂದಿನಿಂದ ಒಮ್ಮೆಯೂ ಹೇಳದ ಆ ವಾಕ್ಯವನ್ನು ಎಲ್ಲಿಂದ ಎತ್ತಿಕೊಳ್ಳಬೇಕು ಎಂದೇ ತಿಳಿಯಲಿಲ್ಲ. ಕೊನೆಗೆ ನನ್ನ ಬಾಯಿಂದ ಬಂದದ್ದು ಇದು: "ಇಂಟರ್‌ವ್ಯೂ ಎಕ್ಸ್‌ಪೀರಿಯನ್ಸಿಗೆ ಸರ್."

ಮೂವರೂ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಎಲ್ಲರೂ ಎದ್ದು ನಿಂತು ಕೈ ಕುಲುಕಿದರು, ತಟ್ಟೆಯಲ್ಲಿ ಸಮೋಸ ಇಟ್ಟು ಕೊಟ್ಟರು. ಒಂದನ್ನು ಕಾಗದದಲ್ಲಿ ಸುತ್ತಿ ಸಾಯ್ಬರಿಗೂ ತಂದೆ.

"ಎಂತ ಆಯ್ತು ಮಗಾ?" ಸಾಯ್ಬರು ಸಮೋಸ ನೋಡಿ ಕೇಳಿದರು.

"ತುಂಬ ಖುಷಿಯಾದ್ರು. ಸಮೋಸ ಕೊಟ್ರು."

ಅವರ ಮುಖ ಬಾಡಿತು. "ಸಮೋಸ ಕೊಟ್ರಾ? ಹಾಗಾದ್ರೆ ಖಲಾಸ್. ಕೆಲಸ ಆಗುದಾದ್ರೆ ಬರೀ ಚಾ ಕೊಡುದು."

ಮುಂದಿನ ವಾರ ಅಪ್ಪನಿಗೆ ಫೋನ್ ಬಂತು. ಅಗತ್ಯ ಇರುವ ಬೇರೆ ಹುಡುಗನಿಗೆ ಕೊಟ್ಟಿದ್ದೇವೆ, ನಿಮ್ಮ ಮಗ ಬಹಳ ತಮಾಷೆಯವನು ಎಂದರಂತೆ. ಅಪ್ಪ ನನ್ನನ್ನು ಕೂರಿಸಿ ಏನೇನು ನಡೆಯಿತು ಎಂದು ಕೇಳಿದರು. ನಾನು ಅಧ್ಯಕ್ಷರ ಧ್ವನಿ, ನನ್ನ ಧ್ವನಿ ಎರಡನ್ನೂ ಮಾಡಿ ಇಡೀ ನಾಟಕ ಆಡಿ ತೋರಿಸಿದೆ. ಹಲಗೆಯ ಆಚೆಯಿಂದ ಸಾಯ್ಬರು ನಕ್ಕದ್ದು ಕೇಳಿಸಿತು. ಅಪ್ಪ ನಗಲಿಲ್ಲ. ಅಧ್ಯಕ್ಷರಿಗೆ ತಾವೇ ಫೋನ್ ಮಾಡಿ, "ಸಾರ್, ನಾನು ಮ್ಯಾನೇಜರ್ ಅಲ್ಲ ಸಾರ್. ಸ್ಟೋರ್ ಕೀಪರ್" ಎಂದರು. ನಮ್ಮ ಮನೆಯಲ್ಲಿ ಯಾರಾದರೂ ಹೊರಗಿನವರಿಗೆ ಆ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಮ್ಮ ಮುಖ ಆಚೆ ತಿರುಗಿಸಿದರು.

ಅದೃಷ್ಟಕ್ಕೆ, ಆರಿಸಿದ್ದ ಹುಡುಗ ಕೆಲವೇ ದಿನಗಳಲ್ಲಿ ಮನಸ್ಸು ಬದಲಿಸಿ ಎಂಜಿನಿಯರಿಂಗಿಗೆ ಸೇರಿದ. ಜಾಗ ಖಾಲಿಯಾಯಿತು. ಮಗನನ್ನು ಕರೆದುಕೊಂಡು ಬನ್ನಿ ಎಂದು ಫೋನ್ ಮಾಡಿದರು ಅಧ್ಯಕ್ಷರು.

ಅವರ ಕಾರ್ಖಾನೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ. ಹೆಸರಿಗೆ ಪಾರ್ಕು, ಮರ ಮಾತ್ರ ಕಾಣಲಿಲ್ಲ. ಗೋದಾಮು, ಲಾರಿ, ಧೂಳು. ಅಪ್ಪ ಅರ್ಧ ದಿನದ ರಜೆ ಹಾಕಿ, ಕಂಪನಿಯ ಹೆಸರಿದ್ದ ಅಂಗಿಯಲ್ಲೇ ಬಂದಿದ್ದರು. ಬಸ್ಸು, ಟ್ಯಾಕ್ಸಿ, ಮತ್ತೆ ನಡಿಗೆ ಮುಗಿದು ನಾವು ಅಧ್ಯಕ್ಷರ ಎಸಿ ಕೋಣೆಯಲ್ಲಿ ಕೂತಾಗ ಬೆವರು ಮೈಮೇಲೆಯೇ ತಣ್ಣಗಾಯಿತು. ಅಪ್ಪ ಹಲಗೆ ಕಟ್ಟಿದ ನಮ್ಮ ಕೋಣೆಯ ವಿಷಯವನ್ನೂ ಮುಚ್ಚಿಡದೆ ಹೇಳಿದರು. ಅಧ್ಯಕ್ಷರು ಒಳ್ಳೆಯ ಮಾತೇ ಆಡಿದರು. ನನ್ನ ಅಂಕಪಟ್ಟಿ ನೋಡಿ ತಲೆದೂಗಿದರು.

"ಕೊಡುವ, ಖಂಡಿತ ಕೊಡುವ" ಎಂದರು. "ಒಂದು ಸಣ್ಣ ವಿಷಯ ಉಂಟು. ನಮ್ಮ ಆ್ಯನುವಲ್ ಡೇಗೆ ನೀವು ಫ್ಯಾಮಿಲಿ ಸಮೇತ ಬರ್ಬೇಕು. ಸ್ಟೇಜಿನಲ್ಲಿ ಚೆಕ್ ಕೊಡುದು."

"ಆಯ್ತು ಸಾರ್" ಎಂದರು ಅಪ್ಪ.

"ಅದಕ್ಕಿಂತ ಮೊದಲು ನಮ್ಮ ಕ್ಯಾಮೆರಾದ ಹುಡುಗರು ನಿಮ್ಮ ರೂಮಿಗೆ ಬರ್ತಾರೆ. ಆ ಪಾರ್ಟಿಶನ್, ಕಿಚನ್, ಎಲ್ಲದರ ವೀಡಿಯೋ ತೆಗಿತಾರೆ. ದೊಡ್ಡ ಸ್ಕ್ರೀನಿನಲ್ಲಿ ಹಾಕುದು. ಡೋನರ್ಸಿಗೆ ಒಂದು ಫೀಲ್ ಆಗ್ಬೇಕಲ್ವಾ?"

"ಆಯ್ತು ಸಾರ್."

"ನಿಮ್ಮ ಮಿಸೆಸ್ ಎರಡು ಮಾತಾಡ್ಲಿ. ಕಷ್ಟದ ಬಗ್ಗೆ. ಓದಿ ಹೇಳುದು ಬೇಡ, ಮನಸ್ಸಿಂದ ಬರ್ಲಿ."

"ಆಯ್ತು ಸಾರ್."

"ಮತ್ತೆ ತಮ್ಮಾ," ನನ್ನ ಕಡೆ ತಿರುಗಿ ನಕ್ಕರು, "ಈ ಸಲ ಸೂಟ್ ಬೇಡ ಆಯ್ತಾ? ಹಳೆ ಅಂಗಿ ಇದ್ರೆ ಒಳ್ಳೇದು."

ಅಪ್ಪನ ಒಂದೊಂದು 'ಆಯ್ತು ಸಾರ್' ನನ್ನ ಕಿವಿಗೆ ಕಾದ ಮೊಳೆಯ ಹಾಗೆ ಇಳಿಯುತ್ತಿತ್ತು. ಸೂಟು ಹಾಕಿದರೆ ಕೊಡುವುದಿಲ್ಲ, ಹರಿದದ್ದು ಹಾಕಿದರೆ ಕೊಡುತ್ತಾರೆ. ಅಂಕ ಅದೇ, ಹುಡುಗ ಅದೇ, ಅಪ್ಪನ ಸಂಬಳ ಅದೇ. ಹಾಗಾದರೆ ನಾನು ಮೊದಲನೆಯ ಸಲ ಮಾಡಿದ ತಪ್ಪಾದರೂ ಏನು? ತಪ್ಪು ವೇಷ ಹಾಕಿದ್ದು, ಅಷ್ಟೇ ತಾನೆ! ಇಷ್ಟು ವರ್ಷ ಜಿಪ್ಸಮ್ ಹಲಗೆಯ ಹಿಂದೆ ಮುಚ್ಚಿಟ್ಟದ್ದನ್ನು ಗೋಡೆಯಷ್ಟು ದೊಡ್ಡ ತೆರೆಯ ಮೇಲೆ ತೋರಿಸಿ, ಅದನ್ನು ನೋಡುತ್ತ ಬಿರಿಯಾನಿ ತಿನ್ನುವವರಿಗೆ ಕಣ್ಣೀರು ತರಿಸಬೇಕು. ಅದೇ ಜನ ಮರುವಾರ ಊರಿಗೆ ಫೋನ್ ಮಾಡಿ ಅಜ್ಜಿಯ ಗೋಡೆಯ ಆ ಫೋಟೋವನ್ನು ನೆನೆದು ನಗುತ್ತಾರೆ.  ಬೇರೆಯವರಿಗೆ ಸಿಟ್ಟು ಬಂದರೆ ಕೂಗುತ್ತಾರೆ, ಮೇಜು ಗುದ್ದುತ್ತಾರೆ. ನನಗೆ ಸಿಟ್ಟು ಬಂದರೆ ಜೋಕು ಬರುತ್ತದೆ. ಇದು ರೋಗ. ಇದಕ್ಕೆ ಯಾವ ಕಾಲೇಜಿನಲ್ಲೂ ಮದ್ದು ಹೇಳಿಕೊಡುವುದಿಲ್ಲ.

"ಸರ್, ಒಂದು ಡೌಟು" ಎಂದೆ.

"ಹೇಳು ಹೇಳು."

"ಕ್ಯಾಮೆರಾದವರು ಬಂದಾಗ ಅಮ್ಮ ನಿಜವಾಗ್ಲೂ ಅಳ್ಬೇಕಾ, ಅಥವಾ ಕಣ್ಣೀರು ನೀವೇ ಕಾರ್ಖಾನೆಯಿಂದ ಪೈಪಿನಲ್ಲಿ ಕಳಿಸ್ತೀರಾ?"

 ಅಧ್ಯಕ್ಷರ ನಗು ಮುಖದಲ್ಲೇ ಸ್ವಲ್ಪ ಹೊತ್ತು ಮರೆತುಹೋದ ಹಾಗೆ ನಿಂತಿತ್ತು, ಆಮೇಲೆ ಹೋಯಿತು. ನನ್ನ ಅಂಕಪಟ್ಟಿಯನ್ನು ಮೇಜಿನ ಮೇಲೆ ನಮ್ಮ ಕಡೆ ಸರಿಸಿದರು.

"ನಿಮ್ಮ ಮಗನಿಗೆ ಸಹಾಯ ಬೇಡ ಅಂತ ಕಾಣ್ತದೆ" ಎಂದರು ಅಪ್ಪನಿಗೆ. "ಬೇಕಾದವರು ಸುಮಾರು ಜನ ಉಂಟು ನಮ್ಮಲ್ಲಿ."

"ಹುಡುಗ ಸಾರ್, ಬಾಯಿ ಸ್ವಲ್ಪ..." ಎಂದು ಅಪ್ಪ ಎದ್ದು ನಿಂತರು. ಅವರು ಎರಡೂ ಕೈ ಜೋಡಿಸುವುದನ್ನು ನಾನು ನೋಡಿದೆ. ಅಧ್ಯಕ್ಷರು ಆಗಲೇ ಫೋನ್ ಎತ್ತಿಕೊಂಡಿದ್ದರು.

ಹೊರಗೆ ಬಿಸಿಗಾಳಿ. ಲಾರಿಗಳ ನಡುವಿನಿಂದ ಅಪ್ಪ ಮುಂದೆ, ನಾನು ಹಿಂದೆ. ಅವರು ಬೈಯಲಿ ಎಂದು ಕಾದೆ. ಹೊಡೆಯಲಿ ಎಂದೂ ಕಾದೆ. ಅವರು ತಿರುಗಿಯೂ ನೋಡದೆ ಬಸ್ ಸ್ಟಾಪಿನ ಕಡೆ ನಡೆದರು. ನನಗಂತೂ ಮೊದಲು ಹೆಮ್ಮೆಯೇ ಆಗಿತ್ತು. ಏನು ಜೋಕು, ಎಂಥ ಏಟು! ಆ ಹೆಮ್ಮೆ ಅರ್ಧ ದಾರಿಯವರೆಗೆ ಇತ್ತು. ಅಪ್ಪನ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿ ಅದರ ಮೇಲಿದ್ದ ಕಂಪನಿಯ ಹೆಸರು ಮೈಗೆ ಅಂಟಿಕೊಂಡದ್ದು ಕಂಡಿತು. ಆಮೇಲೆ ಆ ಹೆಮ್ಮೆ ಇರಲಿಲ್ಲ.

ಮನೆ ಮುಟ್ಟುವಾಗ ಸಂಜೆ. ವಿಲ್ಲಾದ ಅಡುಗೆಮನೆಯಲ್ಲಿ ಅಮ್ಮನ ಸರದಿ. ಒಲೆಯ ಮೇಲೆ ಸಾರು, ಪಕ್ಕದಲ್ಲಿ ತಮ್ಮ ಸರದಿಗೆ ಪಾತ್ರೆ ಹಿಡಿದು ಕಾಯುವ ಇಬ್ಬರು ಹೆಂಗಸರು. ಅಪ್ಪ ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದರು. ಯಾರಿದ್ದಾರೆ, ಯಾರು ಕೇಳುತ್ತಿದ್ದಾರೆ ಎಂದು ಆ ದಿನ ನೋಡಲಿಲ್ಲ. ನನ್ನ ಜೋಕನ್ನೂ ಇದ್ದದ್ದು ಇದ್ದ ಹಾಗೆ ಹೇಳಿದರು. ಅವರ ಬಾಯಲ್ಲಿ ಅದು ಜೋಕಿನ ಹಾಗೆ ಕೇಳಿಸಲಿಲ್ಲ. ಆಮೇಲೆ ಚಳಿದೇಶದ ಏಜೆಂಟನಿಗೆ ಫೋನ್ ಮಾಡಲು ಒಳಗೆ ಹೋದರು.

ಅಮ್ಮ ಬೆಂಕಿ ಸಣ್ಣ ಮಾಡಿ ನನ್ನ ಕಡೆ ತಿರುಗಿದರು. ಅವರು ಬೆನ್ನು ತಟ್ಟುತ್ತಾರೆ ಎಂದುಕೊಂಡೆ. ಮರ್ಯಾದೆಯ ಪಾಠ ಕಲಿಸಿದವರು ಅವರೇ ತಾನೆ? ಆ ಮರ್ಯಾದೆಗಾಗಿಯೇ ನಾನು ಬಾಯಿ ಬಿಟ್ಟದ್ದಲ್ಲವೇ?

"ನಾನು ಅಳುದಿಲ್ಲ ಅಂತ ನಿನಗೆ ಯಾರು ಹೇಳಿದ್ದು?" ಎಂದರು ಅಮ್ಮ. ಸೌಟನ್ನು ಪಾತ್ರೆಯ ಅಂಚಿಗೆ ಕುಕ್ಕಿದರು. "ನನ್ನ ಕಣ್ಣೀರು, ನನ್ನ ಮರ್ಯಾದೆ. ನನ್ನನ್ನು ಒಂದು ಮಾತು ಕೇಳಿದ್ಯಾ ನೀನು? ಸ್ಟೇಜ್ ಹತ್ತಿ ಅಳ್ತಿದ್ದೆ. ಮೈಕ್ ಹಿಡಿದು ಅಳ್ತಿದ್ದೆ. ನೀನು ಆ ಹಿಮದ ಊರಿಗೆ ಹೋದ ಮೇಲೆ ಹೇಗೂ ದಿನಾ ಇಲ್ಲಿ ಕೂತು ಅಳುದೇ. ಅದಕ್ಕೆ ಫೀಸು ಯಾರು ಕೊಡ್ತಾರೆ?"